ಹಾಡಿಗೂ ಕಾಡು ರಸ್ತೆಯ ಗಾಡಿಗೂ ಉಪಗ್ರಹ ಇಂಟರ್ನೆಟ್ ಹಾಕಿಸಬಹುದಾ? ಗೊತ್ತಿರುವವರು ಹೇಳಿ

ಕಪಿಲಾತೀರ:

ಎಲ್ಲರಿಗೂ ನಮಸ್ಕಾರ. ನಾನು ಎಚ್.ಡಿ.ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ಕೆಲಸ ಮಾಡುತ್ತೇನೆ. ನಮ್ಮ ಸುತ್ತ ಜೇನುಕುರುಬರ, ಯರವರ ಹಾಡಿಗಳಿವೆ, ಅಂದರೆ ಆದಿವಾಸಿಗಳ ಸಣ್ಣ ಊರುಗಳು. ಸಿಗ್ನಲ್ ಬೇಕು ಅಂದರೆ ದಿಣ್ಣೆ ಹತ್ತಬೇಕು. ಇಲ್ಲ ಹೊಳೆ ದಡಕ್ಕೆ ಹೋಗಿ ಕೇರಳದ ಟವರ್ ಹಿಡಿಯಬೇಕು.

ರೀಲ್ಸ್ ನೋಡೋಕೆ ಅಂತ ಕೇಳುತ್ತಿಲ್ಲ. ರೇಷನ್ ಕೊಡುವ ದಿನ ಹೆಬ್ಬೆಟ್ಟಿನ ಮೆಷಿನ್ ಸುತ್ತುತ್ತಾ ಕೂತಿರುತ್ತದೆ, ವಯಸ್ಸಾದವರು ಕಾಡು ದಾರಿಯಲ್ಲಿ ನಡೆದು ಬಂದು ಅಕ್ಕಿ ಇಲ್ಲದೆ ವಾಪಸ್ ಹೋಗುತ್ತಾರೆ, ಮತ್ತೆ ಮಾರನೇ ದಿನ ಬರುತ್ತಾರೆ. ಉದ್ಯೋಗ ಖಾತ್ರಿಯ ಹಾಜರಿ ಫೋಟೊ ಮೇಲೆ ಹೋಗಲ್ಲ. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿ ಒಟಿಪಿಗೆ ಕಾಯುತ್ತಾ ಕೂರಬೇಕು. ಅಂಗನವಾಡಿ ಟೀಚರ್ ಪಾಡೂ ಇದೇ.

ಇನ್ನೊಂದು, ನಮ್ಮಣ್ಣ ಕಾಡಿನ ನಡುವೆ ಕೇರಳಕ್ಕೆ ಹೋಗುವ ಮಾನಂದವಾಡಿ ರಸ್ತೆಯಲ್ಲಿ ಬಾಡಿಗೆ ಗಾಡಿ ಓಡಿಸುತ್ತಾನೆ. ಬಳ್ಳೆ ದಾಟಿ ಬಾವಲಿ ಸೇರುವವರೆಗೆ ಅವನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಗಾಡಿ ಕೆಟ್ಟು ನಿಂತರೆ ಹಿಂದೆ ಬರುವ ಬಸ್ಸೇ ಗತಿ. ಬಸುರಿಯರನ್ನು ಕೋಟೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಅವನ ಗಾಡಿಯಲ್ಲೇ. ಅಮ್ಮನಿಗೆ ಅವನು ಮನೆ ಸೇರುವವರೆಗೆ ಊಟ ಇಳಿಯಲ್ಲ.

ಈಗ ಎಲ್ಲಿ ನೋಡಿದರೂ ವಿಮಾನಕ್ಕೆ ಬಂತು, ಹಡಗಿಗೆ ಬಂತು, ರೈಲಿಗೆ ಬಂತು ಅಂತ ಸುದ್ದಿ. ಹಾಗಾದರೆ ನಮ್ಮ ಹಾಡಿಗೆ ಯಾಕೆ ಬರಬಾರದು? ಮರಗಳ ನಡುವೆ ಕೆಲಸ ಮಾಡುತ್ತಾ? ಮಳೆಗಾಲದಲ್ಲಿ ಕರೆಂಟ್ ಹೋದರೆ? ಅಣ್ಣನ ಗಾಡಿ ಮೇಲೆ ಕೂರಿಸಬಹುದಾ? ಪಂಚಾಯಿತಿ ಸಭೆಯಲ್ಲಿ ಮಾತಾಡಬೇಕು. ಸರಿಯಾಗಿ ತಿಳಿದುಕೊಂಡು ಹೋಗೋಣ ಅಂತ ಕೇಳುತ್ತಿದ್ದೇನೆ.

ಡಿಷ್‌ಮೇಸ್ತ್ರಿ_ಮೈಸೂರು:

ಮೇಡಂ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು, ಯಾಕಂದರೆ ಉಪಗ್ರಹ ಇಂಟರ್ನೆಟ್ ನಿಜವಾಗಿ ಬೇಕಾಗಿರುವುದು ನಿಮ್ಮಂಥ ಜಾಗಕ್ಕೇ. ನಾನು ಎಟಿಎಂ, ಪೆಟ್ರೋಲ್ ಬಂಕ್, ಹಳ್ಳಿ ಬ್ಯಾಂಕ್ ಶಾಖೆಗಳಿಗೆ ವಿಸ್ಯಾಟ್ ಡಿಷ್ (ಉಪಗ್ರಹದಿಂದ ಇಂಟರ್ನೆಟ್ ಕೊಡುವ ಡಿಷ್) ಕೂರಿಸುವ ಕೆಲಸದಲ್ಲಿದ್ದೇನೆ. ಅಂದರೆ ಇದು ಹೊಸದಲ್ಲ. ನಮ್ಮ ದೇಶದಲ್ಲಿ ಹಲವು ವರ್ಷಗಳಿಂದ ನಡೆಯುತ್ತಿದೆ. ಹೊಸದಾಗಿ ಬಂದಿರುವುದು ಕೆಳಗಿನ ಕಕ್ಷೆಯ, ಅಂದರೆ ಭೂಮಿಗೆ ಹತ್ತಿರದಲ್ಲಿ ಸುತ್ತುವ ಉಪಗ್ರಹಗಳು.

ಹಳೇ ರೀತಿಯ ಉಪಗ್ರಹ ಇರುವುದು ಭೂಮಿಯಿಂದ ಸುಮಾರು 36,000 ಕಿ.ಮೀ. ಮೇಲೆ. ಭೂಮಿಯ ಜೊತೆಗೇ ಸುತ್ತುವುದರಿಂದ ನಮಗೆ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ಟಿವಿ ಡಿಷ್ ಅಲ್ಲಾಡದೆ ಇರುವುದು ಅದಕ್ಕೇ. ಆದರೆ ಸಿಗ್ನಲ್ ಅಷ್ಟು ದೂರ ಹೋಗಿ, ಇಳಿದು, ಉತ್ತರ ಅದೇ ದಾರಿಯಲ್ಲಿ ವಾಪಸ್ ಬರಬೇಕಲ್ಲ, ಅರ್ಧ ಸೆಕೆಂಡಿಗೂ ಜಾಸ್ತಿ ಹಿಡಿಯುತ್ತದೆ. ಫಾರಂ ತುಂಬಲು, ಹೆಬ್ಬೆಟ್ಟಿಗೆ ಅದು ಸಾಕು. ವಿಡಿಯೊ ಕಾಲ್‌ನಲ್ಲಿ ಡಾಕ್ಟರ ಜೊತೆ ಮಾತಾಡುವಾಗ ಮಾತು ಮಾತಿಗೆ ಅಡ್ಡ ಬೀಳುತ್ತದೆ.

ಹೊಸ ಕಂಪನಿಗಳಲ್ಲಿ ಸ್ಟಾರ್‌ಲಿಂಕ್‌ನವು ಸುಮಾರು 480ರಿಂದ 550 ಕಿ.ಮೀ. ಎತ್ತರದಲ್ಲಿ, ಒನ್‌ವೆಬ್‌ನವು 1,200 ಕಿ.ಮೀ. ಎತ್ತರದಲ್ಲಿ ಓಡುತ್ತವೆ. ಹತ್ತಿರ ಇರುವುದರಿಂದ ತಡ ತುಂಬಾ ಕಡಿಮೆ. ಆದರೆ ಒಂದೊಂದು ಉಪಗ್ರಹ ನಮ್ಮ ತಲೆ ಮೇಲೆ ಇರುವುದು ಕೆಲವೇ ನಿಮಿಷ. ಒಂದು ಮರೆಯಾಗುವ ಮುಂಚೆ ಡಿಷ್ ಇನ್ನೊಂದನ್ನು ಹಿಡಿದಿರಬೇಕು. ನಿಮ್ಮ ಮರದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಈ ಡಿಷ್‌ಗೆ ಆಕಾಶದ ದೊಡ್ಡ ತುಂಡು ಕಾಣಬೇಕು. ಒಂದು ಪಕ್ಕದಲ್ಲಿ ತೇಗದ ಮರ ಎದ್ದಿದ್ದರೂ ಆ ಕಡೆಗೆ ಉಪಗ್ರಹ ಹೋದಾಗಲೆಲ್ಲ ಲೈನ್ ಕಟ್ ಆಗುತ್ತದೆ. ಕಟ್ ಆಗುವುದು ಕೆಲವೇ ಸೆಕೆಂಡ್, ಆದರೆ ಹೆಬ್ಬೆಟ್ಟು ಅರ್ಧಕ್ಕೆ ನಿಲ್ಲಲು ಅಷ್ಟು ಸಾಕು. ಹಳೇ ರೀತಿಯ ಡಿಷ್‌ಗೆ ಒಂದೇ ದಿಕ್ಕು ಖಾಲಿ ಇದ್ದರೆ ಆಯಿತು. ನಮ್ಮ ಮೈಸೂರು ಭಾಗದಲ್ಲಂತೂ ಅದು ಸುಲಭ, ಯಾಕಂದರೆ ಇಸ್ರೊದ ಜಿಸ್ಯಾಟ್-11 ಇರುವುದು 74 ಡಿಗ್ರಿ ಪೂರ್ವದಲ್ಲಿ, ನಾವಿರುವುದು ಹೆಚ್ಚುಕಮ್ಮಿ 76ರಲ್ಲಿ. ಡಿಷ್ ಬಹಳ ಮೇಲಕ್ಕೆ ನೋಡುತ್ತದೆ, ಅಕ್ಕಪಕ್ಕದ ಮರಗಳ ಕಾಟ ಕಡಿಮೆ. ಹಾಗಾಗಿ ಹೊಸದೇ ಒಳ್ಳೆಯದು ಅಂತ ಮೊದಲೇ ತೀರ್ಮಾನ ಮಾಡಬೇಡಿ. ಜಾಗ ನೋಡಿ ಹೇಳಬೇಕು.

ಶಾಲೆ ಮೈದಾನ, ಅಂಗನವಾಡಿ ಚಾವಣಿ, ಆಟದ ಬಯಲು, ಇಂಥ ಕಡೆ ಬೆಳಿಗ್ಗೆ ನಿಂತು ಸುತ್ತ ಮೇಲಕ್ಕೆ ಫೋಟೊ ತೆಗೆದು ಇಲ್ಲಿ ಹಾಕಿ. ಮಳೆ ಬಗ್ಗೆ: ಜೋರು ಮಳೆ ಸುರಿಯುವಾಗ ಸಿಗ್ನಲ್ ಕುಗ್ಗುತ್ತದೆ, ಮಳೆ ಇಳಿದ ಮೇಲೆ ತಾನೇ ಸರಿಹೋಗುತ್ತದೆ. ಸೋನೆ ಮಳೆಗೆ ಏನೂ ಆಗಲ್ಲ.

ಕರೆಂಟ್ ಲೆಕ್ಕ ಸ್ವಲ್ಪ ಗಮನ ಇಟ್ಟು ನೋಡಿ. ಕೆಳಗಿನ ಕಕ್ಷೆಯ ದೊಡ್ಡ ಡಿಷ್ 75ರಿಂದ 100 ವಾಟ್ ಎಳೆಯುತ್ತದೆ. ದಿನವಿಡೀ ಬಿಟ್ಟರೆ ಎರಡು ಯೂನಿಟ್ ಆಸುಪಾಸು. ಚಿಕ್ಕದಕ್ಕೆ 25ರಿಂದ 40 ವಾಟ್, ಒಂದು ಯೂನಿಟ್ ಒಳಗೇ ಮುಗಿಯುತ್ತದೆ. ಒಂದು ಫ್ಯಾನ್‌ಗಿಂತ ಕಡಿಮೆ. ಚಿಕ್ಕದನ್ನು ಸೋಲಾರ್ ಮೇಲೆ ಓಡಿಸಬಹುದು. ಆದರೆ ಆಷಾಢದಲ್ಲಿ ಕೋಟೆ ಕಡೆ ವಾರಗಟ್ಟಲೆ ಬಿಸಿಲು ಕಾಣಲ್ಲ, ಪ್ಯಾನೆಲ್ ಲೆಕ್ಕವನ್ನು ಬೇಸಿಗೆಗೆ ಹಾಕದೆ ಆಷಾಢಕ್ಕೆ ಹಾಕಿಸಿ.

ಮೇಲುಕೋಟೆ_ರೋಡ್:

ಸಾರ್, ನಮ್ಮದು ಪಾಂಡವಪುರ ತಾಲ್ಲೂಕು. ಪಂಚಾಯಿತಿವರೆಗೆ ಫೈಬರ್ ಬಂದಿದೆ, ಪೆಟ್ಟಿಗೆಯಲ್ಲಿ ಲೈಟೂ ಉರಿಯುತ್ತದೆ, ಆದರೆ ಇಂಟರ್ನೆಟ್ ಬರುವುದು ನಿಲ್ಲುವುದು ಅದರ ಇಷ್ಟ. ನಾವೂ ಊರವರೆಲ್ಲ ಸೇರಿ ಒಂದು ಡಿಷ್ ಹಾಕಿಸಿಬಿಡೋಣ ಅಂತ ಇದ್ದೇವೆ. ಕಬ್ಬಿನ ಗದ್ದೆ ಬಯಲು, ಮರದ ಕಾಟವೂ ಇಲ್ಲ.

ಡಿಷ್‌ಮೇಸ್ತ್ರಿ_ಮೈಸೂರು:

ಬೇಡ ಅಣ್ಣ. ಫೈಬರ್ ಬಂದಿರುವ ಊರು ಆ ಫೈಬರ್ ರಿಪೇರಿಗೇ ಜಗಳ ಆಡಬೇಕು. ಕಾರಣ ಹೇಳುತ್ತೇನೆ. 2024ರ ನವೆಂಬರ್‌ನಲ್ಲಿ ಹೋದ ಜಿಸ್ಯಾಟ್-ಎನ್2 ನಮ್ಮ ದೇಶದ ದೊಡ್ಡ ಬ್ರಾಡ್‌ಬ್ಯಾಂಡ್ ಉಪಗ್ರಹ. ಅದರ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್, ಅಂದರೆ 48,000 ಮೆಗಾಬಿಟ್. 32 ಕಿರಣಗಳಾಗಿ ಒಡೆದು ದೇಶಕ್ಕೆಲ್ಲ ಹಂಚಿದ್ದಾರೆ. ವಿಮಾನದೊಳಗಿನ ಇಂಟರ್ನೆಟ್ಟಿಗೂ ಅದನ್ನೇ ಬಳಸಬೇಕು ಅಂತ ಮಾಡಿದ್ದು. ಒಬ್ಬೊಬ್ಬರು ಒಂದೇ ಹೊತ್ತಿಗೆ 10 ಮೆಗಾಬಿಟ್ ಎಳೆದರು ಅಂತ ಇಟ್ಟುಕೊಳ್ಳಿ, 4,800 ಜನಕ್ಕೆ ಇಡೀ ಉಪಗ್ರಹ ಮುಗಿಯಿತು. ನಿಮ್ಮ ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ವಿಶ್ವೇಶ್ವರಯ್ಯ ನಾಲೆಯಲ್ಲಿ ಮೇಲಿನವರು ಪಂಪ್ ಇಟ್ಟು ಎಳೆದರೆ ಕೊನೇ ಭಾಗದ ಗದ್ದೆಗೆ ಏನಾಗುತ್ತದೋ ಇದೂ ಅದೇ. ಬೇರೆ ದಾರಿ ಇರುವವರು ಆಕಾಶದ ಲೈನಿಗೆ ಬಂದು ಕೂತರೆ ದಾರಿಯೇ ಇಲ್ಲದ ಹಾಡಿಯವರಿಗೆ ಉಳಿಯುವುದು ಕಡಿಮೆ.

ಲಕ್ಷದ್ವೀಪ ನೋಡಿ. ಎಷ್ಟೋ ವರ್ಷ ಪೂರ್ತಿ ಉಪಗ್ರಹದ ಮೇಲೇ ನಡೆಯಿತು. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿ ಫೈಬರ್ ಎಳೆದರು. ಅಂಡಮಾನ್‌ಗೆ 2020ರಲ್ಲೇ ಚೆನ್ನೈನಿಂದ ಹೋಯಿತು. ಸಾಧ್ಯ ಇರುವ ಕಡೆ ಎಲ್ಲರೂ ಕೇಬಲ್‌ಗೇ ಬರುತ್ತಾರೆ. ಆದರೆ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದೊಳಗೆ ಕಾಲುವೆ ತೋಡಿ ಕೇಬಲ್ ಹಾಕುವುದು ಸುಲಭಕ್ಕೆ ಆಗುವ ಮಾತಲ್ಲ, ಆಗಬೇಕು ಅಂತ ನಾನೂ ಹೇಳುವುದಿಲ್ಲ. ಅಲ್ಲಿ ಡಿಷ್ ಸರಿ. ನೆಲ ಅಗೆಯಬೇಕಾಗಿಲ್ಲ, ಕಂಬ ಸಾಲಾಗಿ ನೆಡಬೇಕಾಗಿಲ್ಲ.

ನಿವೃತ್ತ_ಮೇಷ್ಟ್ರು:

ಅಮ್ಮಾ ಕಪಿಲಾತೀರ, ನಾನು ಚಾಮರಾಜನಗರ ಜಿಲ್ಲೆಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವನು, ಈಗ ಮೈಸೂರಿನಲ್ಲಿದ್ದೇನೆ. ನಿನ್ನ ಪ್ರಶ್ನೆಗೆ ತಂತ್ರಜ್ಞಾನದ ಉತ್ತರ ಮೇಲಿನವರು ಚೆನ್ನಾಗಿ ಕೊಟ್ಟಿದ್ದಾರೆ. ನಾನು ಶಾಲೆ ಕಡೆಯಿಂದ ಹೇಳುತ್ತೇನೆ.

2004ರ ಸೆಪ್ಟೆಂಬರ್ 20ರಂದು ಇಸ್ರೊ ಎಜುಸ್ಯಾಟ್ ಹಾರಿಸಿತು. ಪಾಠಕ್ಕೆ ಅಂತಲೇ ಮಾಡಿದ ಉಪಗ್ರಹ. ಅದರ ಪ್ರಾಥಮಿಕ ಶಾಲೆ ಪ್ರಯೋಗಕ್ಕೆ ಆಯ್ಕೆಯಾದದ್ದು ನಮ್ಮ ಚಾಮರಾಜನಗರ ಜಿಲ್ಲೆ. ಹಿಂದುಳಿದ ಜಿಲ್ಲೆ ಅಂತ ಎಲ್ಲರೂ ಕರೆಯುತ್ತಿದ್ದ ಜಾಗದ ಮಕ್ಕಳು ಚಾವಣಿ ಮೇಲಿನ ಡಿಷ್‌ನಿಂದ ಇಳಿದ ಪಾಠವನ್ನು ಟಿವಿಯಲ್ಲಿ ನೋಡಿದರು. ನಾನು ಆ ಮಕ್ಕಳ ಮುಖ ನೋಡಿದ್ದೇನೆ. ಚಂದ್ರನ ಮೇಲಿನ ಗುಂಡಿಗಳನ್ನು ತೋರಿಸಿದಾಗ ಇಡೀ ತರಗತಿ ಎದ್ದು ಟಿವಿ ಹತ್ತಿರ ಹೋಗಿಬಿಟ್ಟಿತ್ತು, ಹಿಂದೆ ಕೂರಿಸಲು ನನಗೆ ಮನಸ್ಸು ಬರಲಿಲ್ಲ.

ನಾನಿದ್ದ ಶಾಲೆಯಲ್ಲಿ ಆಮೇಲೆ ಏನಾಯಿತು ಗೊತ್ತಾ? ಮೇಲೆ ಉಪಗ್ರಹ ತನ್ನ ಕೆಲಸ ಮಾಡುತ್ತಿತ್ತು. ಕೆಳಗೆ ಬ್ಯಾಟರಿ ಸತ್ತಿತು. ಹೊಸ ಬ್ಯಾಟರಿಗೆ ಯಾವ ಬಾಬ್ತಿನಲ್ಲಿ ದುಡ್ಡು ತೆಗೆಯಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಗಾಳಿಗೆ ಡಿಷ್ ಒಂಚೂರು ತಿರುಗಿತು, ಸರಿಮಾಡುವುದನ್ನು ಊರಲ್ಲಿ ಯಾರಿಗೂ ಕಲಿಸಿರಲಿಲ್ಲ. ಉಸ್ತುವಾರಿ ನೋಡುತ್ತಿದ್ದ ಮೇಷ್ಟ್ರಿಗೆ ವರ್ಗ ಆಯಿತು, ಬೀಗದ ಕೈ ಅವರ ಜೊತೆ ಹೋಯಿತು. ಟಿವಿ ಮೇಲೆ ಬಟ್ಟೆ ಹೊದಿಸಿದರು.

ಅದಕ್ಕೇ ಹೇಳುತ್ತೇನೆ, ಪಂಚಾಯಿತಿ ಸಭೆಯಲ್ಲಿ ಡಿಷ್ ಬೆಲೆ ಮಾತಾಡುವ ಮುಂಚೆ ಮೂರನೇ ವರ್ಷದ ಬ್ಯಾಟರಿ ದುಡ್ಡು ಎಲ್ಲಿಂದ ಅಂತ ಬರೆಸು. ಯಾರು ನೋಡಿಕೊಳ್ಳುತ್ತಾರೆ ಅಂತ ಹೆಸರು ಬರೆಸು. ಒಬ್ಬರಲ್ಲ, ಇಬ್ಬರು. ಅದರಲ್ಲಿ ಒಬ್ಬರು ಹಾಡಿಯವರೇ ಆಗಿರಲಿ, ವರ್ಗ ಆಗಿ ಹೋಗದವರು. ಹತ್ತನೇ ಕ್ಲಾಸ್, ಪಿಯುಸಿ ಓದಿದ ಹುಡುಗ ಹುಡುಗಿಯರು ಈಗ ಪ್ರತಿ ಹಾಡಿಯಲ್ಲೂ ಇದ್ದಾರೆ. ಡಿಷ್ ತಿರುಗಿಸುವುದು, ಕನೆಕ್ಟರ್ ಒಣಗಿಸಿ ಟೇಪ್ ಸುತ್ತುವುದು ಬಾಯಿ ಮಾತಲ್ಲಿ ಅಲ್ಲ, ಕೈಯಲ್ಲಿ ಮಾಡಿಸಿ ಕಲಿಸಿ. ಸ್ವಲ್ಪ ಗೌರವಧನ ಕೊಡಿ. ಬಿಟ್ಟಿ ಕೆಲಸ ಅಂದರೆ ನಿಲ್ಲುವುದಿಲ್ಲ, ನಿಲ್ಲಲೂ ಬಾರದು.

ಇನ್ನೊಂದು ಕಾನೂನಿನ ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2) ಓದಿಸು. ಹಾಡಿಗಳಿಗೆ ಬೇಕಾದ ಶಾಲೆ, ಅಂಗನವಾಡಿ, ಕುಡಿಯುವ ನೀರು, ಹೀಗೆ 13 ಸೌಲಭ್ಯಗಳ ಪಟ್ಟಿ ಅದರಲ್ಲಿದೆ. ವಿದ್ಯುತ್ ಮತ್ತು ದೂರಸಂಪರ್ಕ ಲೈನ್ ಕೂಡ ಆ ಪಟ್ಟಿಯಲ್ಲಿದೆ. ಒಂದೊಂದಕ್ಕೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಜಾಗ ಇರಬೇಕು, ಗ್ರಾಮಸಭೆ ಶಿಫಾರಸು ಮಾಡಬೇಕು. ಈಗಾಗಲೇ ಇರುವ ಕಟ್ಟಡದ ಚಾವಣಿ ಮೇಲೆ ಇಟ್ಟರೆ ಇಷ್ಟೆಲ್ಲ ಬೇಕಾಗಲಿಕ್ಕಿಲ್ಲ, ಆದರೂ ಹಾಡಿಯವರ ಗ್ರಾಮಸಭೆಯಲ್ಲಿ ಕೂತು ಮಾತಾಡಿ ಠರಾವು ಮಾಡಿಸುವುದು ಒಳ್ಳೆಯದು. ಅವರಿಗೆ ಏನು ಬೇಕು ಅಂತ ಅವರೇ ಹೇಳಲಿ. ನಾವು ಹೊರಗಿನವರು ತಂದು ಕೂರಿಸಿದ ಎಷ್ಟೋ ವಸ್ತುಗಳು ಹಾಡಿಗಳಲ್ಲಿ ತುಕ್ಕು ಹಿಡಿಯುತ್ತಿರುವುದನ್ನು ನೋಡಿ ಮನಸ್ಸಿಗೆ ನೋವಾಗುತ್ತದೆ.

ಬಾವಲಿ_ಲೈನ್:

ಗಾಡಿ ವಿಷಯ ನಾನು ಹೇಳುತ್ತೇನೆ. ಆ ರಸ್ತೆಯಲ್ಲೇ ಸ್ಟೀರಿಂಗ್ ಹಿಡಿಯೋನು ನಾನು. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಹಾಕಿರುತ್ತಾರೆ, ಪ್ರಾಣಿಗಳ ಸಲುವಾಗಿ, ಅದು ಸರಿಯಾಗೇ ಇದೆ. ತೊಂದರೆ ಏನಂದರೆ ಐದೂವರೆಗೆ ಒಳಗೆ ಹೋದ ಗಾಡಿ ನಡುವೆ ಪಂಕ್ಚರ್ ಆಗಿ ನಿಂತರೆ ಯಾರಿಗೂ ಗೊತ್ತಾಗಲ್ಲ. ಆನೆ ಓಡಾಡುವ ಹೊತ್ತು ಅದು. ಇಳಿದು ಟೈರ್ ಬಿಚ್ಚೋಕೂ ಭಯ.

ನಮಗೆ ಗಾಡಿಯಲ್ಲಿ ವೈಫೈ ಬೇಡ ತಂಗಿ. ಪ್ರಯಾಣಿಕರು ಕಿಟಕಿ ಕಡೆ ನೋಡಲಿ. "ಇಲ್ಲಿ ನಿಂತಿದ್ದೀನಿ, ಬನ್ನಿ" ಅಂತ ಒಂದು ಮೆಸೇಜ್ ಹೋದರೆ ಸಾಕು.

ನನ್ನ ಗಾಡಿಯಲ್ಲಿ ಟ್ರ್ಯಾಕಿಂಗ್ ಡಬ್ಬಿ ಇದೆ, ಪ್ಯಾನಿಕ್ ಬಟನ್ನೂ ಇದೆ. ಸ್ಯಾಟಲೈಟ್ ಅಂತ ಹೇಳಿ ಕೊಟ್ಟಿದ್ದರು. ಕಾಡಲ್ಲಿ ಒತ್ತಿದರೆ ಯಾಕೆ ಹೋಗಲ್ಲ ಅಂತ ಮೇಸ್ತ್ರಿಗಳು ಹೇಳಬೇಕು.

ಡಿಷ್‌ಮೇಸ್ತ್ರಿ_ಮೈಸೂರು:

ಅಣ್ಣ, ಆ ಡಬ್ಬಿ ಉಪಗ್ರಹದಿಂದ ಕೇಳಿಸಿಕೊಳ್ಳುತ್ತದೆ ಅಷ್ಟೇ, ಉಪಗ್ರಹಕ್ಕೆ ಮಾತಾಡುವುದಿಲ್ಲ. ಜಿಪಿಎಸ್, ನಮ್ಮ ನಾವಿಕ್ ಉಪಗ್ರಹಗಳಿಂದ ತಾನು ಎಲ್ಲಿದ್ದೇನೆ ಅಂತ ತಿಳಿದುಕೊಳ್ಳುತ್ತದೆ. ಅದನ್ನು ಕಂಟ್ರೋಲ್ ರೂಮಿಗೆ ಕಳಿಸುವುದು ಒಳಗಿರುವ ಮೊಬೈಲ್ ಸಿಮ್. ಟವರ್ ಇಲ್ಲದ ಕಡೆ ಲೆಕ್ಕ ಒಳಗೇ ಬರೆದಿಟ್ಟುಕೊಂಡು ಟವರ್ ಸಿಕ್ಕಾಗ ಕಳಿಸುತ್ತದೆ. ಈ ಡಬ್ಬಿ ಹಾಕಿಸಬೇಕು ಅನ್ನುವುದು ಎಐಎಸ್-140 ನಿಯಮ, 2019ರಿಂದ ಹೊಸ ಟ್ಯಾಕ್ಸಿ, ಬಸ್ಸುಗಳಿಗೆ ಬಂದದ್ದು. ಊರಲ್ಲಿ, ಹೈವೇಯಲ್ಲಿ ಒಳ್ಳೆಯದೇ. ನೀವು ಹೇಳುವ ಜಾಗದಲ್ಲಿ ಬಟನ್ ಒತ್ತಿದರೆ ಗಾಡಿ ಬಾವಲಿ ತಲುಪಿದ ಮೇಲೆ ಸಂದೇಶ ಹೋಗುತ್ತದೆ. ಇದನ್ನು ಪ್ರತಿ ಡ್ರೈವರ್‌ಗೂ ಬಾಯಿಬಿಟ್ಟು ಹೇಳಬೇಕು. ಬಟನ್ ನಂಬಿ ಕಾಯುತ್ತಾ ಕೂರಬಾರದು.

ಚಲಿಸುವ ಗಾಡಿಗೆ ಡಿಷ್ ಇದೆ. ಮೋಟಾರ್ ಇರಲ್ಲ, ಚಪ್ಪಟೆ ಹಲಗೆ, ಒಳಗೆ ನೂರಾರು ಸಣ್ಣ ಆಂಟೆನಾಗಳು ಸೇರಿ ಕಿರಣವನ್ನು ತಿರುಗಿಸುತ್ತವೆ. ಹಡಗು, ವಿಮಾನಕ್ಕೆ ಹೇಳಿ ಮಾಡಿಸಿದ್ದು, ಯಾಕಂದರೆ ಅವುಗಳ ಮೇಲೆ ಆಕಾಶ ಬಿಟ್ಟು ಬೇರೇನೂ ಇಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಬ್ರೈಟ್‌ಲೈನ್ ಅನ್ನೋ ರೈಲಿಗೆ 2023ರಲ್ಲಿ ಹಾಕಿದರು, ಅಲ್ಲಿ ಬಯಲು ಜಾಸ್ತಿ. ಬಳ್ಳೆ ರಸ್ತೆಯಲ್ಲಿ ಎರಡೂ ಕಡೆ ಮರ ಮೇಲೆ ಕೂಡಿಕೊಂಡಿವೆ. ಹತ್ತು ಸೆಕೆಂಡ್ ಬಂದು ಇಪ್ಪತ್ತು ಸೆಕೆಂಡ್ ಹೋಗುವ ಲೈನಿಗೆ ನಿಮ್ಮ ಅಣ್ಣ ದುಡ್ಡು ಸುರಿಯುವುದು ಬೇಡ ಮೇಡಂ.

ಅವರಿಗೆ ಬೇಕಾದದ್ದು ಸಾಮಾನ್ಯ ಫೋನಿನಿಂದಲೇ ನೇರ ಉಪಗ್ರಹಕ್ಕೆ ಮೆಸೇಜ್ ಕಳಿಸುವ ಸೇವೆ. ಅಮೆರಿಕದಲ್ಲಿ ಟಿ-ಮೊಬೈಲ್ ಕಂಪನಿ 2025ರ ಜುಲೈನಲ್ಲಿ ಶುರು ಮಾಡಿದೆ. ನಮ್ಮಲ್ಲಿ ಬಿಎಸ್‌ಎನ್‌ಎಲ್, ಅಮೆರಿಕದ ವಯಾಸ್ಯಾಟ್ ಕಂಪನಿ ಸೇರಿ 2024ರಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಕಾಡು ರಸ್ತೆಗಳಿಗೆ ಅದು ಬೇಗ ಬರಲಿ ಅಂತ ಒತ್ತಾಯ ಮಾಡಬೇಕಾದವರು ನಾವೇ. ಮೀನುಗಾರರ ದೋಣಿಗಳಿಗೆ ಇಸ್ರೊ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಕೊಡುತ್ತಿದ್ದಾರಲ್ಲ, ಸಮುದ್ರದ ನಡುವಿನಿಂದ ಎರಡೂ ಕಡೆ ಸಂದೇಶ ಹೋಗುತ್ತದೆ. ಸಮುದ್ರಕ್ಕೆ ಆಗಿದ್ದು ಕಾಡಿನ ರಸ್ತೆಗೂ ಬೇಕು ಅಂತ ಕೇಳೋಣ.

ಅಲ್ಲಿಯವರೆಗೆ ಎರಡೂ ಗೇಟಿನವರು ಒಳಗೆ ಹೋದ ಗಾಡಿ ನಂಬರ್ ಇನ್ನೊಂದು ಗೇಟಿಗೆ ವೈರ್‌ಲೆಸ್‌ನಲ್ಲಿ ಹೇಳುವ ಪದ್ಧತಿ ಮಾಡಿಸಿಕೊಳ್ಳಿ. ಅರಣ್ಯ ಇಲಾಖೆಯ ವಾಕಿಟಾಕಿ ಆ ಕಾಡಲ್ಲಿ ಕೆಲಸ ಮಾಡುತ್ತದೆ.

ಕಪಿಲಾತೀರ:

ಮೇಷ್ಟ್ರೇ, ಬೀಗದ ಕೈ ಮಾತು ಓದಿ ನಮ್ಮ ಕೇಂದ್ರದ ಬೀರು ನೆನಪಾಯಿತು. ಖಂಡಿತ ಇಬ್ಬರ ಹೆಸರು ಬರೆಸುತ್ತೇನೆ. ಅಣ್ಣನಿಗೂ ಓದಿ ಹೇಳಿದೆ, ಗೇಟಿನ ವಿಷಯ ಯೂನಿಯನ್‌ನವರ ಜೊತೆ ಮಾತಾಡುತ್ತಾನಂತೆ. ಬಾವಲಿ ಲೈನ್ ಅಣ್ಣನೂ ಜೊತೆಗೆ ಬಂದರೆ ಒಳ್ಳೆಯದು.

ಇನ್ನೂ ಸ್ವಲ್ಪ ಕೇಳುವುದಿದೆ. ಡಿಷ್ ಬಂದರೆ ಒಟಿಪಿ ಬರುತ್ತಾ? ಒಬ್ಬರು ದುಬೈನಿಂದ ಡಿಷ್ ತಂದುಕೊಡುತ್ತೇನೆ, ಮುಂಗಡ ಕೊಡಿ ಅನ್ನುತ್ತಿದ್ದಾರೆ. ಅದು ಸರಿನಾ?

ಡಿಷ್‌ಮೇಸ್ತ್ರಿ_ಮೈಸೂರು:

ದುಬೈ ಡಿಷ್ ಮುಟ್ಟಲೇಬೇಡಿ. ಒಂದು ರೂಪಾಯಿಯೂ ಕೊಡಬೇಡಿ. ನಮ್ಮ ದೇಶದಲ್ಲಿ ಅನುಮತಿ ಇಲ್ಲದ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. 1933ರ ಕಾಯ್ದೆಯಲ್ಲೂ ಹಾಗೇ ಇದೆ, 2023ರ ದೂರಸಂಪರ್ಕ ಕಾಯ್ದೆಯಲ್ಲೂ ಹಾಗೇ ಇದೆ. ಸ್ಯಾಟಲೈಟ್ ಫೋನಿಗೂ ಇದೇ ಕಾನೂನು. ಅದೂ ಹುಲಿ ಕಾಡಿನಲ್ಲಿ, ಕೇರಳದ ಗಡಿಯಲ್ಲಿ ಸಿಕ್ಕಿಬಿದ್ದರೆ ಹಾಡಿ ಹುಡುಗರು ಸ್ಟೇಷನ್ ಅಲೆಯಬೇಕಾಗುತ್ತದೆ. ಸ್ಟಾರ್‌ಲಿಂಕ್‌ಗೆ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ, ಒನ್‌ವೆಬ್, ಜಿಯೊದವರಿಗೆ ಅದಕ್ಕೂ ಮುಂಚೆ. ಪರವಾನಗಿ ಆದ ಮೇಲೆ ತರಂಗಾಂತರ ಹಂಚಿಕೆ, ಭದ್ರತಾ ತಪಾಸಣೆ ಅಂತ ಹಂತಗಳಿವೆ. ಕಂಪನಿಯೇ ನೇರವಾಗಿ ದರ ಪ್ರಕಟಿಸಿ ಇಲ್ಲಿ ಬಿಲ್ ಕೊಡುವವರೆಗೆ ಯಾರ ಕೈಗೂ ಮುಂಗಡ ಬೇಡ. ಅಷ್ಟರವರೆಗೆ ಇಸ್ರೊ ಉಪಗ್ರಹಗಳ ಮೇಲೆ ನಡೆಯುವ ವಿಸ್ಯಾಟ್ ಸೇವೆ ದೇಶದೊಳಗೇ ಕಾನೂನುಬದ್ಧವಾಗಿ ಸಿಗುತ್ತದೆ.

ಒಟಿಪಿ ಬಗ್ಗೆ ಒಳ್ಳೇ ಪ್ರಶ್ನೆ, ಇದನ್ನು ಯಾರೂ ಕೇಳುವುದಿಲ್ಲ. ಒಟಿಪಿ ಬರುವುದು ಎಸ್‌ಎಂಎಸ್‌ನಲ್ಲಿ, ಅದಕ್ಕೆ ಟವರ್ ಬೇಕು. ಸ್ಮಾರ್ಟ್‌ಫೋನ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಹೆಚ್ಚಿನ ಫೋನ್‌ಗಳಿಗೆ ವೈಫೈ ಮೂಲಕವೇ ಎಸ್‌ಎಂಎಸ್ ಬರುತ್ತದೆ. ಬಟನ್ ಫೋನಿಗೆ ಬರಲ್ಲ. ಹಾಡಿಯಲ್ಲಿ ಬಟನ್ ಫೋನ್ ಜಾಸ್ತಿ ಅಲ್ವಾ? ಅಂಥವರಿಗೆ ಸಾಧ್ಯವಿರುವ ಕಡೆ ಹೆಬ್ಬೆಟ್ಟಿನಿಂದಲೇ ಆಧಾರ್ ದೃಢೀಕರಣ ಮಾಡುವ ಯಂತ್ರ ಕೇಂದ್ರದಲ್ಲಿ ಇರಲಿ. ಸರ್ವರ್ ಡೌನ್ ಅಂತ ಬರುತ್ತದಲ್ಲ, ಅದಕ್ಕೆ ಡಿಷ್ ಮದ್ದಲ್ಲ. ಜನಕ್ಕೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಬಯ್ಗುಳ ನಿಮಗೆ ಬೀಳುತ್ತದೆ.

ನನ್ನ ಸಲಹೆ, ಮನೆ ಮನೆಗೆ ಬೇಡ. ಆಕಾಶ ಚೆನ್ನಾಗಿ ಕಾಣುವ ಒಂದು ಸಾರ್ವಜನಿಕ ಕಟ್ಟಡಕ್ಕೆ ಒಂದೇ ಡಿಷ್. ಅಂಗನವಾಡಿ, ರೇಷನ್, ಹಾಜರಿ, ಅರ್ಜಿ, ಡಾಕ್ಟರ ಜೊತೆ ಮಾತು, ಎಲ್ಲ ಅಲ್ಲಿಂದಲೇ. ರೇಷನ್ ಅಂಗಡಿ ದೂರ ಇದ್ದರೆ ಕೊಡುವ ದಿನಗಳಲ್ಲಾದರೂ ಹೆಬ್ಬೆಟ್ಟಿನ ಕೆಲಸವನ್ನು ಅಲ್ಲಿಗೆ ತರಲು ಕೇಳಿ. ಬೆಳಿಗ್ಗೆ ಆ ಕೆಲಸ ಮುಗಿಯುವವರೆಗೆ ವಿಡಿಯೊ ಬಂದ್ ಇರಲಿ, ರೂಟರ್‌ನಲ್ಲೇ ಮಾಡಬಹುದು. ಸಂಜೆ ಮಕ್ಕಳಿಗೆ ಬಿಡಿ. ಅವರೂ ನೋಡಬೇಕು, ಅವರಿಗೂ ಆಸೆ ಇರುತ್ತದೆ.

ನಿವೃತ್ತ_ಮೇಷ್ಟ್ರು:

ಸಂಜೆ ಮಕ್ಕಳಿಗೆ ಬಿಡುವ ಮಾತು ನನಗೂ ಇಷ್ಟವಾಯಿತು. ಠರಾವಿನ ಕರಡು ಬರೆದರೆ ಇಲ್ಲಿ ಹಾಕಮ್ಮ, ಓದಿ ತಿದ್ದಿಕೊಡುತ್ತೇನೆ.

ಡಿಷ್‌ಮೇಸ್ತ್ರಿ_ಮೈಸೂರು:

ಫೋಟೊ ಮರೆಯಬೇಡಿ ಮೇಡಂ. ನಾಲ್ಕು ದಿಕ್ಕಿಗೂ ಒಂದೊಂದು, ಚಾವಣಿ ಮೇಲಿಂದಲೇ ತೆಗೆದದ್ದು. ಕೋಟೆ ಕಡೆ ಬೇರೆ ಕೆಲಸಕ್ಕೆ ಬಂದಾಗ ನಾನೇ ಹತ್ತಿ ನೋಡುತ್ತೇನೆ, ಅದಕ್ಕೆ ದುಡ್ಡು ಬೇಡ.